ಕಾಕಾನ ಕೈ, ಕಲ್ಲಿನ ಸೆರಗು

ನಮ್ಮ ಕಾಕಾನ ಎದುರಿಗೆ ಚಹಾದ ಕಪ್ಪು ಇಡಬಾರದಿತ್ತು! ಅವನು ಬಾಯಿಗಿಂತ ಮೊದಲು ಕೈಯಿಂದ ಮಾತನಾಡುತ್ತಿದ್ದ. ಸೊಲ್ಲಾಪುರದ ಸೀರೆ ಅಂಗಡಿಯಲ್ಲಿ ಫೋನು ಹಿಡಿದರೂ ಕೈ ಆಡಿಸುವುದೇ. ಆ ಕಡೆಯವರಿಗೆ ಹೇಗೆ ಕಾಣಬೇಕು? "ಕಾಣದಿದ್ರ ಅವರ ನಸೀಬ!" ಎನ್ನುತ್ತಿದ್ದ.

ಈ ಚಟ ಹತ್ತಿದ್ದು ಅವನ ಅಕ್ಕನಿಂದ. ನಮ್ಮ ಅತ್ತೆಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅಕ್ಕ-ತಮ್ಮ ಅಂಗಡಿಯ ಗಾದಿಯ ಮೇಲೆ ಕೂತು ಬೆಳೆಸಿದ ಕೈಭಾಷೆಯದು. ಎರಡು ಬೆರಳಿನಲ್ಲಿ ಸೆರಗು ತಿಕ್ಕಿ ಹುಬ್ಬೇರಿಸಿದರೆ 'ಅಸಲಿ ಮಾಲು'. ಒಳ್ಳೆಯ ಶೇಂಗಾ ಹೋಳಿಗೆಗೂ ಅದೇ, ಒಳ್ಳೆಯ ಅಳಿಯನಿಗೂ ಅದೇ!

ಎಪ್ಪತ್ತರ ದಶಕದಲ್ಲೊಮ್ಮೆ ಅಕ್ಕಲಕೋಟೆಯ ವಸ್ತುಸಂಗ್ರಹಾಲಯದಲ್ಲಿ ಶಿಲ್ಪಪ್ರದರ್ಶನ ಏರ್ಪಟ್ಟಿತು. ಅತ್ತೆಗೆ ನೋಡುವ ಆಸೆ; ಕಾಕಾ ಕರೆದುಕೊಂಡು ಹೋದ. ಬಾಗಿಲಲ್ಲೇ ಅಲ್ಲಿಯ ಸಾಹೇಬರು, "ನಾ ಬಾಯಿಲೆ ಮಾಹಿತಿ ಹೇಳಾಂವ. ಇವರಿಗೇನ್ ತಿಳಿತೈತ್ರಿ? ಅಲ್ಲಿ ಕೂಡಸ್ರಿ," ಎಂದು ಬೆಂಚು ತೋರಿಸಿದರು. ಆ ಬೆರಳು ನೋಡಿಯೇ ಅತ್ತೆ ಅರ್ಥಮಾಡಿಕೊಂಡು, ಮುಖ ಸಣ್ಣದು ಮಾಡಿ ಬೆಂಚಿನತ್ತ ಹೊರಟಳು. ಕಾಕಾನಿಗೆ ಸಿಟ್ಟು ನೆತ್ತಿಗೇರಿತು.

"ನಮ್ಮಕ್ಕಗ ನಾ ಹೇಳ್ತೀನಿ, ಅತ್ತ ಸರೀರಿ!"

ಕಾಕಾನಿಗೆ ಶಿಲ್ಪದ ಬಗ್ಗೆ ಏನು ಗೊತ್ತಿತ್ತು? ಸೊನ್ನೆ! ಆದರೆ ಸೀರೆ ಗೊತ್ತಿತ್ತಲ್ಲ? ಕಲ್ಲಿನ ನರ್ತಕಿಯ ಮುಂದೆ ನಿಂತು ಅವಳ ನೆರಿಗೆ, ಅಂಚು, ಸೆರಗು ಎಲ್ಲವನ್ನೂ ಗಾಳಿಯಲ್ಲೇ ಬಿಚ್ಚಿ ಮಡಚಿ ತೋರಿಸಿದ. ಸಾಹೇಬರ ಹಿಂದಿದ್ದ ಜನ ಒಬ್ಬೊಬ್ಬರಾಗಿ ಇತ್ತ ಸರಿದರು. ಅಷ್ಟರಲ್ಲಿ ಅತ್ತೆ ಹಳೆಯ ಗಿರಾಕಿಯಂತೆ ಆ ಕಲ್ಲಿನ ಸೆರಗನ್ನೇ ಹಿಡಿದು ತಿಕ್ಕಿಬಿಟ್ಟಳು!

"ಹಾತ್ ಲಾವೂ ನಕಾ! ಮುಟ್ಟಬ್ಯಾಡ್ರಿ!" ಸಾಹೇಬರು ಚೀರಿದರು. ಅತ್ತೆಗೆ ಕೇಳಿಸಬೇಕಲ್ಲ? ಅವಳು ನಿಧಾನವಾಗಿ ಹುಬ್ಬೇರಿಸಿದಳು.

ಗದ್ದಲಕ್ಕೆ ಶಿಲ್ಪಿಯೇ ಓಡಿಬಂದ. "ಅವರು ಏನಂದ್ರರಿ?"

"ಅಸಲಿ ಮಾಲು ಅಂದ್ಳು," ಎಂದ ಕಾಕಾ.

ಶಿಲ್ಪಿ ಅತ್ತೆಗೆ ಕೈಮುಗಿದ. "ಕಲ್ಲು ಸೀರಿ-ಅರಿವಿ ಆಗ್ಲಿ ಅಂತ ಜೀವಾ ತೇದೀನ್ರೀ. ಇವರೊಬ್ಬರು ಗುರುತು ಹಿಡದ್ರು. ಸಾಹೇಬ್ರ, ಉಳಿದವರಿಗೂ ಇವರೇ ತೋರಸ್ಲಿ!"

ಮುಂದಿನ ಐತವಾರ, ರಜೆಯ ದಿನ, ಸುದ್ದಿ ತಿಳಿದು ಸೊಲ್ಲಾಪುರದ ಕಿವುಡ ಮಕ್ಕಳ ಸಾಲೆಯೇ ಬಂದಿತು. ಮುಂದೆ ಅತ್ತೆ, ಹಿಂದೆ ಮಕ್ಕಳ ಸಾಲು! ಅವು ಮುಟ್ಟದೆಯೇ ಗಾಳಿಯಲ್ಲಿ ಸೆರಗು ತಿಕ್ಕಿ ಹುಬ್ಬೇರಿಸಿದವು. ಸಾಹೇಬರೆಲ್ಲಿ? ಬೆಂಚಿನ ಮೇಲೆ! ಕೊನೆಗೆ ಅವರೂ ಎದ್ದುಬಂದು ಹುಬ್ಬೇರಿಸುವುದನ್ನು ಕಲಿತರು.

ಕಾಕಾ ಮಾತ್ರ ಅಂದು ಕೈಕಟ್ಟಿ ಹಿಂದೆ ನಿಂತಿದ್ದ. ಎಲ್ಲ ಮುಗಿದ ಮೇಲೆ ಅತ್ತೆ ಅವನ ಬಳಿಗೆ ಬಂದು, ಅಂಗಿಯ ಚುಂಗನ್ನು ಎರಡು ಬೆರಳಿನಲ್ಲಿ ತಿಕ್ಕಿ, ಹುಬ್ಬೇರಿಸಿದಳು.

ಅಷ್ಟು ಮಾತಾಡುವ ಕೈಗಳು ಕಣ್ಣೊರೆಸಿಕೊಂಡವು.