ಅಟ್ಟದ ಮೇಲಿನ ಪೌಂಡು

ಶಿಸ್ತಿನ ಮನುಷ್ಯರಿಗೆ ಬರುವ ಕಷ್ಟಗಳೇ ಬೇರೆ. ಸೋಮಾರಿಯ ಕೆಲಸ ಕೆಟ್ಟರೆ ಅವನ ಸೋಮಾರಿತನವನ್ನು ಬೈದು ಎಲ್ಲರೂ ಹಗುರಾಗುತ್ತಾರೆ. ನನ್ನಂಥವನು ಹೊತ್ತಿಗೆ ಸರಿಯಾಗಿ ಎದ್ದು, ಹೊತ್ತಿಗೆ ಸರಿಯಾಗಿ ಉಂಡು, ಕೆಲಸವನ್ನೂ ಕ್ರಮಬದ್ಧವಾಗಿಯೇ ಕೆಡಿಸಿದರೆ ಬೈಯಲು ಯಾರಿಗೂ ಬಾಯಿ ಬರುವುದಿಲ್ಲ. ಬೈಗುಳವಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಈಚೆಗೆ ಅನ್ನಿಸುತ್ತದೆ. ನಾನು ನೊಣವಿನಕೆರೆ ಕಡೆಯ ಹಳ್ಳಿಯೊಂದರ ನಿವೃತ್ತ ಹೆಡ್‌ಮಾಸ್ಟರು. ಗಂಟೆ ಬಾರಿಸುವ ಮೊದಲೇ ಶಾಲೆಯ ಬಾಗಿಲಲ್ಲಿ ನಿಂತಿರುತ್ತಿದ್ದವನು. ಗಂಟೆ ಯಾವುದಕ್ಕೆ ಬಾರಿಸುತ್ತಾರೆ ಎಂದು ಯೋಚಿಸುವ ಅಭ್ಯಾಸ ಮಾತ್ರ ನನಗೆ ಆಗಲೇ ಇಲ್ಲ.

ನನ್ನ ಹೆಂಡತಿ ಗಂಗಮ್ಮನ ತಮ್ಮ ಶಿವಣ್ಣ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ನೀರೆಂದರೆ ಕೆರೆಯಷ್ಟನ್ನೇ ಕಂಡ ಮನೆತನದಿಂದ ಅವನೊಬ್ಬ ಸಮುದ್ರಕ್ಕೆ ಹೇಗೆ ಹೋದನೋ ಕಾಣೆ. ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ರಜೆಗೆ ಬಂದವನು ಅಕ್ಕನ ಕೈಗೆ ಇಂಗ್ಲೆಂಡಿನ ಒಂದು ಪೌಂಡಿನ ಇಪ್ಪತ್ತು ನೋಟುಗಳನ್ನಿಟ್ಟ. "ಅಕ್ಕಾ, ಎರಡು ಬಳೆ ಮಾಡಿಸ್ಕೊ. ಮುಂದಿನ್ ಸಲ ಬಂದಾಗ ಆ ಬಳೆ ಹಾಕಿರೋ ಕೈಯಲ್ಲೇ ನಂಗೆ ಮುದ್ದೆ ಇಕ್ಬೇಕು" ಅಂದ. ಗಂಗಮ್ಮನ ಚಿನ್ನದ ಬಳೆಗಳನ್ನು ತೋಟದ ಬಾವಿ ತೋಡಿಸಲು ಮಾರಿ ಎಷ್ಟೋ ವರ್ಷವಾಗಿತ್ತು. ಅವಳು ನೋಟಿನ ಮೇಲಿದ್ದ ರಾಣಿಯ ಮುಖವನ್ನು ನೋಡಿ, "ಪಾಪ, ಈಯಮ್ಮನೂ ಕೈ ತೋರಿಸಿಲ್ಲ ನೋಡಿ" ಅಂದಳು.

ಆಗ ಪೌಂಡಿಗೆ ಹದಿನೆಂಟು ಚಿಲ್ಲರೆ ರೂಪಾಯಿ. ಅಂದೇ ಬದಲಾಯಿಸಿದ್ದರೆ, ಸಣ್ಣವಾದರೂ, ಎರಡು ಬಳೆ ಆಗುತ್ತಿದ್ದವು. ಆದರೆ ನಮ್ಮ ಸೀಮೆಯಲ್ಲಿ ಕೈಗೆ ಬಂದದ್ದನ್ನು ಅಂದೇ ಮಾರುವವನನ್ನು ಯಾರೂ ಗೌರವಿಸುವುದಿಲ್ಲ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಮುಟ್ಟದೆ ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಒಣಗಿದ ತಿರುಳಿನ ಗಿಟುಕು ಲೊಟಲೊಟ ಅಂದರೆ ಕೊಬ್ಬರಿಯಾಯಿತೆಂದು ಇಳಿಸುತ್ತೇವೆ. ಇಳಿಸಿದ ಮೇಲೂ ತಿಪಟೂರಿನ ಹರಾಜಿನಲ್ಲಿ ರೇಟು ಬಿದ್ದಿದ್ದರೆ ಮತ್ತೆ ಕಾಯುತ್ತೇವೆ. ಪಕ್ಕದ ತೋಟದ ಚನ್ನಬಸಪ್ಪನೂ ಅದನ್ನೇ ಹೇಳಿದ: "ರೇಟು ಏರೋ ಮುಂಚೆ ಯಾವನ್ ಮಾರ್ತಾನೆ ಮೇಷ್ಟ್ರೇ? ಅಟ್ಟದ್ ಮೇಲಿಡಿ, ಅತ್ಲಾಗೆ ಮರ್ತ್‌ಬುಡಿ." ನಾನು ನೋಟುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟೆ. ಮರೆಯಲಿಲ್ಲ, ಅಷ್ಟೇ.

ಪ್ರತಿದಿನ ಕಾಫಿ ಮುಗಿಸಿ, ಕನ್ನಡಕ ಒರೆಸಿ, ಪತ್ರಿಕೆಯಲ್ಲಿ ಪೌಂಡಿನ ಸಾಲು ನೋಡುವುದು ನನ್ನ ದಿನಚರಿಯಾಯಿತು. ನಾನು ನೋಡುತ್ತಿರುವುದು ಗೊತ್ತಾದಂತೆ ಪೌಂಡು ಕೆಲವೇ ವರ್ಷದಲ್ಲಿ ಇಳಿಯತೊಡಗಿತು. ಸೂರ್ಯ ಮುಳುಗದ ಸಾಮ್ರಾಜ್ಯವನ್ನು ಆಳಿದವರ ದುಡ್ಡು ನಮ್ಮ ರೂಪಾಯಿಯ ಮುಂದೆ ಬಗ್ಗಿತೆಂದು ದೇಶಾಭಿಮಾನಿಯಾಗಿ ಸಂತೋಷಪಡಬೇಕೋ, ಗಂಡನಾಗಿ ದುಃಖಪಡಬೇಕೋ ತಿಳಿಯದೆ ಎರಡನ್ನೂ ಸರದಿಯ ಮೇಲೆ ಮಾಡಿದೆ. ಇಳಿದ ರೇಟಿಗೆ ಕೊಡುವ ಮಾತೇ ಇರಲಿಲ್ಲ. ಹಳೆಯ ರೇಟು ಬರಲಿ ಎಂದು ಕಾದೆ. ಅದು ಬಂದಾಗ ಇನ್ನೂ ನಾಲ್ಕಾಣೆ ಏರಲಿ ಎಂದು ಕಾದೆ. ಮತ್ತೆ ಇಳಿಯಿತು. ಈ ನಡುವೆ ಗಂಗಮ್ಮ ತುರುವೇಕೆರೆಯ ಅಕ್ಕಸಾಲಿಯನ್ನು ವಿಚಾರಿಸಿ ಬಂದು, "ರೀ, ಎರಡು ಬಳೆ ಹೋಗಿ ಒಂದಾಯ್ತು" ಅಂದಳು. ಇನ್ನೆರಡು ವರ್ಷಕ್ಕೆ, "ಓಲೆ ಆಗ್ಬೋದಂತೆ" ಅಂದಳು. ಆಮೇಲೆ ವಿಚಾರಿಸುವುದನ್ನೇ ಬಿಟ್ಟಳು. ಪತ್ರಿಕೆಯ ಅದೇ ಪುಟದಲ್ಲಿ, ನಾಲ್ಕು ಬೆರಳು ಕೆಳಗೆ, ಚಿನ್ನದ ಧಾರಣೆಯೂ ಇರುತ್ತಿತ್ತು. ಅದು ನನ್ನ ದಿನಚರಿಯಲ್ಲಿರಲಿಲ್ಲ.

ಶಿವಣ್ಣ ಮತ್ತೆ ಬಂದಾಗ ಅವನಿಗೆ ಕೆಮ್ಮು ಹಿಡಿದಿತ್ತು. ಗಂಗಮ್ಮ ಸೆರಗನ್ನು ಮಣಿಕಟ್ಟಿನವರೆಗೆ ಸುತ್ತಿಕೊಂಡು ಮುದ್ದೆ ಇಕ್ಕಿದಳು. ಗಾಜಿನ ಬಳೆಯ ಸದ್ದನ್ನು ಮುಚ್ಚುವ ಸೆರಗನ್ನು ಇನ್ನೂ ಯಾರೂ ನೇಯ್ದಿಲ್ಲ. ಅವನು ತಲೆಯೆತ್ತದೆ ಉಂಡ. ಕೈ ತೊಳೆದು ಬಂದು, "ಏನ್ ಭಾವ, ಪೌಂಡು ಇವತ್ತು ಎಷ್ಟೈತೆ?" ಅಂದ. ನಾನು ಪೈಸೆ ಸಮೇತ ಹೇಳಿದೆ. ಕೇಳಿದ ಪ್ರಶ್ನೆಗೆ ತಪ್ಪಿಲ್ಲದೆ ಉತ್ತರಿಸುವುದು ನನ್ನ ಸ್ವಭಾವ. "ಬ್ಯಾಗ ಏರ್ಲಿ ಬುಡಿ ಭಾವ, ನಮಗೂ ವಯಸ್ಸಾಗ್ತೈತೆ" ಎಂದು ನಕ್ಕ. ನಗು ಕೆಮ್ಮಾಯಿತು. ಗಂಗಮ್ಮ ಒಳಗೆ ಹೋಗಿ ನೀರು ತಂದಳು, ಬಳೆ ಸದ್ದು ಮಾಡಿಕೊಂಡೇ.

ಅವನು ಮತ್ತೆ ಬರಲಿಲ್ಲ. ಯಾವುದೋ ಬಂದರಿನ ಆಸ್ಪತ್ರೆಯಲ್ಲಿ ತೀರಿಕೊಂಡನೆಂದು ಸುದ್ದಿ ಬಂತು. ಅಂದೂ ನಾನು ಪತ್ರಿಕೆ ನೋಡುವುದನ್ನು ತಪ್ಪಿಸಲಿಲ್ಲ.

ಪೌಂಡು ಕೊನೆಗೂ ಏರಿತು. ಇಪ್ಪತ್ತು ರೂಪಾಯಿ ದಾಟಿ ಇನ್ನೂ ಮೇಲೆ ಹೋಯಿತು. ನಾನು ಅಟ್ಟದಿಂದ ಡಬ್ಬಿ ಇಳಿಸಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮೊದಲ ಬಸ್ಸಿಗೆ ತಿಪಟೂರಿಗೆ ಹೋಗಿ, ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ನಿಂತೆ. ಅಲ್ಲಿಯ ಹುಡುಗ ವಯಸ್ಸಿನ ಗುಮಾಸ್ತ ನೋಟನ್ನು ಬೆಳಕಿಗೆ ಹಿಡಿದು, ಒಳಗೆ ಹೋಗಿ ಕೇಳಿಕೊಂಡು ಬಂದ. "ಮೇಷ್ಟ್ರೇ, ಈ ನೋಟು ಅವರ ದೇಶದಲ್ಲೇ ನಡೆಯಲ್ವಂತೆ. ಈಗ ಅಲ್ಲಿ ಒಂದು ಪೌಂಡು ಅಂದ್ರೆ ನಾಣ್ಯ ಕಣ್ರೀ. ಲಂಡನ್‌ಗೇ ಕಳಿಸ್ಬೇಕು, ನಮ್ಮಲ್ಲಿ ಆಗಲ್ಲ" ಅಂದ. ಪೌಂಡು ಎಷ್ಟಿದೆ ಎಂದು ದಿನವೂ ನೋಡಿದ್ದೆ. ಪೌಂಡು ಇದೆಯೇ ಎಂದು ನೋಡಿರಲಿಲ್ಲ.

ಮನೆಗೆ ಬಂದು ಹೇಳಿದೆ. ಗಂಗಮ್ಮ ಡಬ್ಬಿಯಿಂದ ನೋಟಿನ ಕಟ್ಟನ್ನು ತೆಗೆದು, ತೆಂಗಿನಕಾಯಿಯನ್ನು ಹಿಡಿಯುವಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕೊಂಚ ಹೊತ್ತು ಕೇಳಿಸಿಕೊಂಡಳು.

"ಇನ್ನೂ ಒಣಗಿಲ್ಲ ಕಣ್ರೀ, ಸದ್ದು ಬರ್ತಿಲ್ಲ. ಮೇಲಿಡಿ."

ನಾನು ಏಣಿ ಹಾಕಿ ಮೇಲಿಟ್ಟೆ. ಮರುದಿನ ಕಾಫಿ ಮುಗಿಸಿ, ಕನ್ನಡಕ ಒರೆಸಿ, ಪತ್ರಿಕೆ ನೋಡಿದೆ. ಪೌಂಡು ಮತ್ತೆ ಏರಿತ್ತು.