ಉನಾಯ್ಸಿ ಸಿಸ್ಟರ್ ಕಳೆದುಕೊಂಡ ಹದಿನಾರು ವರ್ಷ

ಎಲ್ಲದಕ್ಕೂ ಕಾರಣ "ಅಜ್ಜಿ" ಎಂಬ ಒಂದು ಮಾತು.

ಲೌಟೋಕಾ ಊರಿನ ಮೂರು ಖಾಸಗಿ ಆಸ್ಪತ್ರೆಗಳಲ್ಲಿ ಉನಾಯ್ಸಿ ಕೆಲಸ ಕೇಳಿದ್ದಳು. ಒಂದು ಕಡೆ "ಮೆಟ್ಟಿಲು ಹತ್ತೋಕಾಗುತ್ತಾ?" ಅಂದರು. ಇನ್ನೊಂದು ಕಡೆ "ಕಂಪ್ಯೂಟರ್ ಕಂಡ್ರೆ ಭಯ ಆಗಲ್ವಾ?" ಅಂದರು. ಮೂರನೆಯ ಕಡೆಯಂತೂ ಒಬ್ಬ ತರುಣಿ ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ನೀರು ಕುಡಿಸಿ, "ಈಗ ವಿಶ್ರಾಂತಿ ತಗೊಳ್ಳಿ ಅಜ್ಜಿ" ಅಂದುಬಿಟ್ಟಳು. ಮೂವತ್ತಾರು ವರ್ಷ ನರ್ಸಾಗಿ ದುಡಿದು ನಿವೃತ್ತಳಾದ, ಐವತ್ತೆಂಟರಲ್ಲೂ ಒಂದೇ ಸಲಕ್ಕೆ ನರ ಹಿಡಿದು ಸೂಜಿ ಚುಚ್ಚಬಲ್ಲ ಉನಾಯ್ಸಿ ಮನೆಗೆ ಬಂದು ಹೋ ಎಂದು ಅತ್ತಳು.

ಆ ಅಳು ಬೇಲಿಯಾಚೆ ಫುಲ್ಮತಿಗೆ ಕೇಳಿಸಿತು. ಫುಲ್ಮತಿಯದು ಹೊಲಿಗೆ ಕೆಲಸ. ಪಕ್ಕದ ಮನೆಯ ಕಷ್ಟವೆಂದರೆ ಅವಳಿಗೆ ಹರಿದ ಬಟ್ಟೆ ಇದ್ದ ಹಾಗೆ. ಕಣ್ಣಿಗೆ ಬಿದ್ದರೆ ಹೊಲಿಯದೆ ಬಿಡಳು. ಮರುದಿನ ಬೆಳಗ್ಗೆಯೇ ಓಡಿಬಂದಳು.

"ಅಕ್ಕಾ, ಸಂತೆ ಹತ್ರ ಇನ್ನೊಂದು ಆಸ್ಪತ್ರೆ ಇದೆಯಲ್ಲ, ಅಲ್ಲಿ ಇವತ್ತೇ ನರ್ಸ್ ಬೇಕಂತೆ! ಎಲ್ಲಿ ನಿನ್ನ ಅರ್ಜಿ? ಅಯ್ಯಯ್ಯೋ, ಇಷ್ಟುದ್ದ ಬರೆದ್ರೆ ಯಾರು ತಗೋತಾರೆ? ಇಲ್ಲೇನಿದು?"

"ಲೌ ದ್ವೀಪದಲ್ಲಿ ಆರು ವರ್ಷ" ಎಂದಳು ಉನಾಯ್ಸಿ.

ಹೇಳುತ್ತಿದ್ದಂತೆ ಅವಳ ದನಿ ಮೆತ್ತಗಾಯಿತು. ತಗಡಿನ ಮಾಡಿನ ಆ ಪುಟ್ಟ ದವಾಖಾನೆ, ತಿಂಗಳಿಗೊಮ್ಮೆ ಬರುವ ದೋಣಿ, ಬಾಗಿಲಲ್ಲಿ ಹೇಳದೆ ಕೇಳದೆ ಬೇಯಿಸಿದ ಮರಗೆಣಸು ಇಟ್ಟು ಹೋಗುತ್ತಿದ್ದ ಹೆಂಗಸರು. ಅಲ್ಲಿ ಅವಳ ಕೈಯಲ್ಲಿ ಹುಟ್ಟಿದ ಮೂರು ಹೆಣ್ಣುಮಕ್ಕಳಿಗೆ ಉನಾಯ್ಸಿ ಎಂದೇ ಹೆಸರಿಟ್ಟಿದ್ದರು.

"ಹೋಗ್ಲಿ ಬಿಡು" ಎಂದಳು ಫುಲ್ಮತಿ, ಉದ್ದವಾದ ಪೈಜಾಮದ ಕಾಲು ಕತ್ತರಿಸುವವಳಂತೆ. "ಇದು? ಮಕ್ಕಳ ವಾರ್ಡಲ್ಲಿ ಹತ್ತು ವರ್ಷ? ಇದೂ ಹೋಗ್ಲಿ. ಈಗ ನಿನಗೆ ನಲವತ್ತೆರಡು."

ಒಂದು ಗಳಿಗೆಯಲ್ಲಿ ಹದಿನಾರು ವರ್ಷ ಹೋಯಿತು. ಫುಲ್ಮತಿಯ ಕಂಪ್ಯೂಟರಿನಲ್ಲಿ ಹೊಸ ಅರ್ಜಿ ತಯಾರಾಯಿತು. ಹುಟ್ಟಿದ ವರ್ಷ ಹೇಳುವ ನರ್ಸ್ ನೋಂದಣಿ ಪತ್ರವನ್ನು ಮನೆಯಲ್ಲೇ ಬಿಡಿಸಿದಳು. ತಲೆಗೆ ಬಳಿದ ಬಣ್ಣ ಪಾಲಿಶ್ ಹಾಕಿದ ಬೂಟಿನಂತೆ ಮಿಂಚಿತು. ಕೊನೆಗೆ ಕನ್ನಡಕವನ್ನೂ ಕಿತ್ತುಕೊಂಡಳು. "ಇದೊಂದೇ ಹತ್ತು ವರ್ಷ ಜಾಸ್ತಿ ಮಾಡುತ್ತೆ ಅಕ್ಕಾ."

ಕನ್ನಡಕವಿಲ್ಲದ ಉನಾಯ್ಸಿ ಬಸ್ಸಿನ ಹೆಸರು ಕಾಣದೆ ಯಾವುದೋ ಬಸ್ ಹತ್ತಿ, ಸಕ್ಕರೆ ಕಾರ್ಖಾನೆ ಸುತ್ತಿ, ಅಂತೂ ಆಸ್ಪತ್ರೆ ಸೇರಿದಳು. ಬಾಗಿಲಲ್ಲಿ ನಗುತ್ತ ನಿಂತಿದ್ದ ನರ್ಸಿಗೆ ಎರಡು ಸಲ "ಬುಲಾ" ಎಂದು ನಮಸ್ಕಾರ ಹೇಳಿದಳು. ಉತ್ತರ ಬರಲಿಲ್ಲ. ಎಂಥ ಜಂಬ ಎಂದುಕೊಂಡು ಹತ್ತಿರ ಹೋದರೆ ಅದು ಗೋಡೆಗೆ ಅಂಟಿಸಿದ ಚಿತ್ರ. ಪಕ್ಕದಲ್ಲೇ ಏನೋ ದೊಡ್ಡ ಪ್ರಕಟಣೆಯೂ ಇತ್ತು. ಅದು ಅವಳಿಗೆ ಬರೀ ಇರುವೆ ಸಾಲು.

ಒಳಗೆ ಮ್ಯಾನೇಜರ್ ಅಶ್ನೀಲ್ ಮೇಜಿನ ಮುಂದೆ ಕೂತಿದ್ದ. ಬೆಂಚಿನಲ್ಲಿದ್ದ ಬೆಳ್ಳಿಗೂದಲ ಹೆಂಗಸೊಬ್ಬಳು ಇವಳನ್ನು ಕಂಡದ್ದೇ ಎದ್ದಳು.

"ಏ ಉನಾಯ್ಸಿ! ನಾನು ಕಣೇ, ಮೆರೆಯೋನಿ! ದೊಡ್ಡ ಚಂಡಮಾರುತದ ವರ್ಷ ಇಬ್ರೂ ಸೇರಿ ಶಾಲೆ ಮೇಜಿನ ಮೇಲೆ ಅವಳಿ ಮಕ್ಕಳ ಹೆರಿಗೆ ಮಾಡಿಸಿದ್ವಲ್ಲೇ!"

ಹೇಗೆ ಮರೆಯುವುದು? ಮಾಡು ಹಾರಿಹೋದಾಗ ಮೆರೆಯೋನಿ ತಾಯಿಯ ಮೇಲೆ ಬಾಗಿ ಮಳೆಗೆ ಬೆನ್ನು ಕೊಟ್ಟಿದ್ದಳು. ಉನಾಯ್ಸಿ ಮಕ್ಕಳನ್ನು ತನ್ನ ಅಂಗಿಯೊಳಗೆ ಬೆಚ್ಚಗೆ ಸೇರಿಸಿಕೊಂಡಿದ್ದಳು. ಆದರೆ ಮ್ಯಾನೇಜರನ ಕಿವಿ ಇತ್ತಲೇ ಇತ್ತು.

"ನೀವ್ಯಾರೋ ಗೊತ್ತಾಗ್ಲಿಲ್ಲ" ಎಂದಳು ಉನಾಯ್ಸಿ, ನೆಲ ನೋಡುತ್ತ. "ಆ ವರ್ಷ... ನನಗೆ ಏಳು ವರ್ಷ."

ಮೆರೆಯೋನಿಯ ಮುಖ ಸಣ್ಣದಾಯಿತು. ಮತ್ತೆ ಬೆಂಚಿನಲ್ಲಿ ಕೂತಳು.

ಅಶ್ನೀಲ್ ಅವಳನ್ನು ಕರೆದು ಅರ್ಜಿ ಓದಿ ನಿಟ್ಟುಸಿರಿಟ್ಟ. "ಒಳ್ಳೆ ಅನುಭವ ಮೇಡಂ. ಆದ್ರೆ ವಯಸ್ಸಿನದೇ ತೊಂದರೆ."

"ನಲವತ್ತೆರಡಕ್ಕೂ ತೊಂದರೇನಾ?"

"ಅದೇ ತೊಂದರೆ! ಬಾಗಿಲಲ್ಲೇ ಅಂಟಿಸಿದ್ದೀವಲ್ಲ, ಐವತ್ತೈದು ದಾಟಿದವರು ಮಾತ್ರ ಬನ್ನಿ ಅಂತ. ನಿಮ್ಮ ವಯಸ್ಸಿನವರು ಆರು ತಿಂಗಳು ಇದ್ದು ಬ್ರಿಸ್ಬೇನಿಗೆ ವಿಮಾನ ಹತ್ತಿಬಿಡ್ತಾರೆ. ಹೋದ ವರ್ಷ ಏಳು ಜನ ಹೋದ್ರು. ನಮಗೆ ಬೇರೆ ಯಾವ ದೇಶಕ್ಕೂ ಬೇಡದವರು ಬೇಕು."

ಉನಾಯ್ಸಿ ಎದ್ದು ನಿಂತೇಬಿಟ್ಟಳು. "ನಾನೂ ಯಾವ ದೇಶಕ್ಕೂ ಬೇಡ! ಐವತ್ತೆಂಟು ಕಣಪ್ಪಾ ನಂಗೆ! ಸತ್ಯವಾಗ್ಲೂ!"

ಅಶ್ನೀಲ್ ನಕ್ಕ. "ಬೆಳಗ್ಗೆಯಿಂದ ಹೀಗೆ ಹೇಳಿದವರಲ್ಲಿ ನೀವು ನಾಲ್ಕನೆಯವರು. ಕೆಲಸಕ್ಕೋಸ್ಕರ ವಯಸ್ಸು ಜಾಸ್ತಿ ಮಾಡ್ಕೋಬಾರ್ದು ಮೇಡಂ. ಚಂಡಮಾರುತದ ವರ್ಷ ನನಗೆ ಏಳು ವರ್ಷ ಅಂತ ಈಗಷ್ಟೇ ಆ ಸಿಸ್ಟರಿಗೆ ಹೇಳಿದ್ರಲ್ಲ, ನಾನೇ ಕೇಳಿಸಿಕೊಂಡೆ." ಆಮೇಲೆ ಬೆಂಚಿನ ಕಡೆ ತಿರುಗಿ ಹೇಳಿದ: "ಮೆರೆಯೋನಿ ಸಿಸ್ಟರ್, ಸೋಮವಾರದಿಂದ ಬನ್ನಿ."

ಉನಾಯ್ಸಿ ಬಸ್ ನಿಲ್ದಾಣದಲ್ಲಿ ಮಂಕಾಗಿ ಕೂತಿದ್ದಾಗ ಯಾರೋ ಪಕ್ಕದಲ್ಲಿ ಬಂದು ದೊಪ್ಪನೆ ಕೂತರು.

"ಏನಮ್ಮಾ, ಏಳು ವರ್ಷದ ಪಾಪು, ಒಬ್ಬಳೇ ಬಂದಿದೀಯಾ?"

ಉನಾಯ್ಸಿ ಅವಳ ಭುಜಕ್ಕೆ ತಲೆಯಿಟ್ಟು ಎಲ್ಲವನ್ನೂ ಹೇಳಿಕೊಂಡಳು. ಮೆರೆಯೋನಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಇಬ್ಬರೂ ಆ ಅವಳಿ ಮಕ್ಕಳನ್ನು ನೆನೆದರು, ಇಸ್ತ್ರಿ ಹಾಕಿ ತಗಡಿನಂತೆ ನಿಲ್ಲಿಸುತ್ತಿದ್ದ ಬಿಳಿ ಟೋಪಿ ನೆನೆದರು, ಎರಡು ಬಸ್ ಬಿಟ್ಟರು.

"ಹೋಗ್ಲಿ, ನಿನಗಾದ್ರೂ ಸಿಕ್ತಲ್ಲ" ಎಂದಳು ಉನಾಯ್ಸಿ.

ಮೆರೆಯೋನಿ ದನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡ. ಮಗಳು ಆಕ್ಲೆಂಡಿಗೆ ಟಿಕೆಟ್ ಕಳಿಸಿದಾಳೆ, ಮೊಮ್ಮಗನನ್ನ ನೋಡ್ಕೊಳ್ಳೋಕೆ. ಮುಂದಿನ ತಿಂಗಳು ಹೊರಡ್ತೀನಿ. ಅಷ್ಟರೊಳಗೆ ಇನ್ನೊಂದ್ಸಲ ಬಿಳಿ ಬಟ್ಟೆ ಹಾಕ್ಕೊಂಡು, ಸಿಸ್ಟರ್ ಅನ್ನಿಸ್ಕೋಬೇಕು ಅಂತ ಆಸೆ ಆಯ್ತು ಕಣೇ."

ಉನಾಯ್ಸಿಗೆ ಜೀವ ಬಂತು. "ಹಾಗಾದ್ರೆ ಮುಂದಿನ ತಿಂಗಳು ಜಾಗ ಖಾಲಿ! ನೋಂದಣಿ ಪತ್ರ ಹಿಡ್ಕೊಂಡು ನಾನೇ ಬರ್ತೀನಿ!"

"ಅದೇ ಕಷ್ಟ. ನಿನ್ನ ಅರ್ಜಿ ಮೇಲೆ ಕೆಂಪು ಶಾಯೀಲಿ ಬರೆದು ಫೈಲಿಗೆ ಹಾಕಿಬಿಟ್ಟಿದ್ದಾನೆ ಆ ಪುಣ್ಯಾತ್ಮ."

"ಏನಂತ?"

"'ಈಕೆ ಇನ್ನೂ ಚಿಕ್ಕವರು. ಹದಿಮೂರು ವರ್ಷ ಬಿಟ್ಟು ಕರೆಯುವುದು.'"