ವೈರು ಎಳೆಯಲು ಹೋದ ಮನೆಗಳು

ಎರಡು ಕಂಪ್ಯೂಟರುಗಳ ನಡುವೆ ವೈರು ಎಳೆದು ಜೋಡಿಸುವುದು ಅಂಥ ದೊಡ್ಡ ಕೆಲಸವೇನಲ್ಲ. ಕಂಪ್ಯೂಟರುಗಳು ಬೇಗ ಹೊಂದಿಕೊಳ್ಳುತ್ತವೆ, ತಡವಾಗುವುದು ಮನೆಯವರದೇ. ಎರಡು ಸಾವಿರದ ಇಸವಿಯ ಆಚೀಚೆ ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇತ್ತು. ಸುತ್ತಲಿನ ಊರುಗಳಲ್ಲಿ ಯಾರ ಮನೆಗೆ ಎರಡನೆಯ ಕಂಪ್ಯೂಟರ್ ಬಂದರೂ ನನಗೆ ಕರೆ ಬರುತ್ತಿತ್ತು. ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಹೋದರೆ, ನಗದೆ ವಾಪಸು ಬಂದ ದಿನ ಕಡಿಮೆ.

ಮಾಸ್ತರರ ಮನೆ

ಮುರಗೋಡದಲ್ಲಿ ಒಬ್ಬ ನಿವೃತ್ತ ಮಾಸ್ತರರು. ಕೆಳಗಿನ ಕೋಣೆಯಲ್ಲೊಂದು ಕಂಪ್ಯೂಟರ್, ಮಾಳಿಗೆಯ ಮೇಲೊಂದು. ಕೆಳಗೆ ಬರೆದ ಲೇಖನವನ್ನು ಮೇಲೆ ಕೂತು ತಿದ್ದುವ ಆಸೆ ಅವರಿಗೆ. ವೈರು ಎಳೆದು, ಫೈಲು ಕಳಿಸುವುದನ್ನು ತೋರಿಸಿ ಬಂದೆ. ಮರುದಿನವೇ ಫೋನು.

“ನಿಮ್ಮ ವೈರ್ ಸರಿ ಇಲ್ಲ. ಲಗೂನ ಬರ್ರಿ.”

ಹೋದೆ.

“ಲೇಖನಾ ಮ್ಯಾಲಕ್ಕ ಕಳಿಸಿದೆ. ಮ್ಯಾಲ ಹೋಗಿ ನೋಡಿದೆ, ಐತಿ. ಕೆಳಗ ಬಂದ ನೋಡಿದೆ, ಇಲ್ಲೂ ಐತಿ! ಹೋದದ್ದು ಮತ್ತ ಇಲ್ಲೆ ಹೆಂಗ ಉಳೀತು?”

“ಸರ, ಅದು ಹಂಗರಿ. ಅಸಲು ಇಲ್ಲೇ ಇರತೈತಿ, ಮ್ಯಾಲ ಹೋಗೂದು ನಕಲು.”

ಮಾಸ್ತರರ ಮುಖ ಕೆಂಪಾಯಿತು. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಸಾಲ್ಯಾಗ ಇದ್ದಷ್ಟ ದಿನಾ ನಕಲು ಮಾಡೂ ಹುಡುಗರನ್ನ ಹಿಡದ ಹೊರಗ ಹಾಕಿದಾಂವ ನಾ. ಈಗ ನನ್ನ ಮನ್ಯಾಗ, ನನ್ನ ಕೈಲೇ ನಕಲು ಮಾಡಸ್ತೀರೇನು?”

ಕೆಟ್ಟ ಲಾರಿ

ಕಿತ್ತೂರಿನ ಒಬ್ಬ ಲಾರಿ ಮಾಲೀಕರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಮಗನಿಗೊಂದು, ಮಗಳಿಗೊಂದು ಕಂಪ್ಯೂಟರ್. ಇಂಟರ್‌ನೆಟ್ಟು ಮಾತ್ರ ಮನೆಯ ಒಂದೇ ಫೋನಿನ ಲೈನಿನಿಂದ, ಅದು ನಡೆಯುತ್ತಿದ್ದಷ್ಟು ಹೊತ್ತು ಫೋನು ಬಂದ್. ‘ನನಗ ಬೇಕು, ನನಗ ಬೇಕು’ ಅಂತ ದಿನವೂ ಜಗಳ. ಒಂದೇ ಲೈನಿನಲ್ಲಿ ಇಬ್ಬರಿಗೂ ಬರುವಂತೆ ಮಾಡಿಕೊಟ್ಟೆ. ಜಗಳ ನಿಂತಿತು. ಆದರೆ ಮೊದಲು ಜಗಳದ ಹೊತ್ತಿನಲ್ಲಾದರೂ ಫೋನು ಖಾಲಿ ಇರುತ್ತಿತ್ತು, ಈಗ ಅದೂ ಹೋಯಿತು.

ಒಮ್ಮೆ ಚಾಚಾ ಚಹಾಕ್ಕೆ ಕರೆದಿದ್ದರು. “ಮನ್ಯಾಗ ಶಾಂತಿ ಅಂದ್ರ ಶಾಂತಿ ನೋಡ್ರಿ,” ಎಂದು ನನ್ನನ್ನು ಹೊಗಳುತ್ತಿರುವಾಗಲೇ ಅವರ ಡ್ರೈವರ್ ಒಳಗೆ ಬಂದ. ಕೈಯೆಲ್ಲ ಗ್ರೀಸು.

“ಚಾಚಾ, ಹಾವೇರಿ ಹತ್ರ ಲಾರಿ ಕೆಟ್ಟೈತಿ ಅಂತ ಹೇಳಾಕ ಮುಂಜಾನಿಂದ ಫೋನ್ ಹಚ್ಚೇ ಹಚ್ಚಾಕತ್ತಿದ್ನಿರಿ. ಹತ್ತಲೇ ಇಲ್ಲ.”

ಚಾಚಾ ಚಹಾದ ಬಸಿ ಕೆಳಗಿಟ್ಟು ಎದ್ದರು. “ಯಾ ಅಲ್ಲಾ! ಲಾರಿ ಅಲ್ಲೇ ಬಿಟ್ಟು ಬಂದಿಯೇನು? ಯಾವ ಗಾಡ್ಯಾಗ ಬಂದಿ?”

“ಅದ ಲಾರ್ಯಾಗ ಬಂದೇನ್ರಿ. ಫೋನ್ ಹತ್ತೂ ದಾರಿ ಕಾಯೂದ್ರಾಗ ರಿಪೇರೀನೂ ಮುಗೀತು.”

ಗೋಡೆಯ ಆ ಕಡೆ, ಈ ಕಡೆ

ರಾಮದುರ್ಗದಲ್ಲಿ ಸೀರೆ ವ್ಯಾಪಾರದ ಅಣ್ಣ ತಮ್ಮ ಇದ್ದರು. ಯಾವುದೋ ಮದುವೆಯ ಊಟದಲ್ಲಿ ಮಾತಿಗೆ ಮಾತು ಬೆಳೆದು ಮನೆಯ ನಡುವೆ ಗೋಡೆ ಎದ್ದಿತ್ತು. ಮಾತು ಬಂದ್. ಅಂಗಡಿ ಮಾತ್ರ ಇನ್ನೂ ಒಂದೇ. ಹೊಸ ಸೀರೆಗಳ ಫೋಟೊಗಳು ಅಣ್ಣನ ಕಂಪ್ಯೂಟರಿಗೆ ಬರುತ್ತಿದ್ದವು. ಅವನ್ನು ತಮ್ಮನೂ ನೋಡಿ ಹೂಂ ಅನ್ನಬೇಕು.

“ನಾವಿಬ್ರೂ ಮಾತಾಡದಂಗ ವ್ಯಾಪಾರ ನಡೀಬೇಕ್ರಿ. ಅಂಥಾ ವೈರ್ ಹಾಕ್ರಿ,” ಅಂದರು ಅಣ್ಣ.

ಗೋಡೆಗೆ ತೂತು ಹೊಡೆಯುತ್ತಿದ್ದರೆ, ಅಣ್ಣನ ಜೊತೆ ಇದ್ದ ತಾಯಿ ಮೆಲ್ಲಗೆ ಬಂದು, “ಇನ್ನೊಂಚೂರು ದೊಡ್ಡದ ಹೊಡಿಯಪಾ, ಸಣ್ಣ ಮಗನ ಮಾರಿ ಕಾಣಲಿ,” ಅಂದರು. ನನಗೆ ಕೆಡುಕೆನಿಸಿತು. ಆದರೂ ವೈರಿಗೆ ಬೇಕಾದಷ್ಟೇ ಹೊಡೆದು, ಅಣ್ಣನ ಕಡೆಯಿದ್ದ ಪ್ರಿಂಟರ್ ಇಬ್ಬರಿಗೂ ಸಿಗುವಂತೆ ಮಾಡಿ ಬಂದೆ.

ಕೆಲವು ದಿನದ ಮೇಲೆ ಅಣ್ಣನ ಫೋನು. “ವೈರ್ ಒಂದ ಕಡಿಂದ ಅಷ್ಟ ನಡದೈತ್ರಿ. ಅಲ್ಲಿಂದ ಬರತೈತಿ, ಇಲ್ಲಿಂದ ಹೋಗವಲ್ದು.”

ಹೋಗಿ ನೋಡಿದರೆ ನೆಲದ ತುಂಬ ಹಾಳೆ. ಮೊದಲನೆಯದು ಆ ಕಡೆಯಿಂದ ತಮ್ಮ ಪ್ರಿಂಟ್ ಕೊಟ್ಟದ್ದು: ‘ಅಣ್ಣಗ ಬಣ್ಣ ತಿಳಿಯಂಗಿಲ್ಲ. ಕಣ್ಣ ತೋರಿಸಿಕೊಳ್ಳಲಿ.’ ಅದಕ್ಕೆ ಅಣ್ಣ ಉತ್ತರ ಬರೆದು ಪ್ರಿಂಟ್ ಒತ್ತಿದ್ದರು: ‘ನೀ ಹುಟ್ಟೂಕಿಂತ ಮೊದಲಿಂದ ಸೀರಿ ಮಾರೇನಿ. ಬಾಯಿ ಮುಚ್ಚು.’ ಅದು ಅವರ ಮುಂದೆಯೇ ಹೊರಬಿತ್ತು. ತಮ್ಮನಿಗೆ ಮುಟ್ಟಲಿಲ್ಲವೆಂದು ಇನ್ನಷ್ಟು ಖಾರ ಸೇರಿಸಿ ಮತ್ತೆ ಒತ್ತಿದರು. ಅದೂ ಅಲ್ಲೇ ಬಿತ್ತು. ಹಾಳೆ ಮುಗಿಯುವವರೆಗೂ ಹೀಗೇ ನಡೆದಿತ್ತು.

“ಅಣ್ಣಾರ, ಪ್ರಿಂಟರ್ ನಿಮ್ಮ ಕಡೆ ಐತ್ರಿ. ಯಾರ ಏನ ಬರದ್ರೂ ಇಲ್ಲೇ ಹೊರಬೀಳತೈತಿ,” ಅಂದೆ.

ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು. “ಅಂದ್ರ, ಅವ ಬೈದದ್ದೂ ನನಗ, ನಾ ಬೈದದ್ದೂ ನನಗ?”

ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಅಣ್ಣನಿಗೆ ಮೈಯೆಲ್ಲ ಉರಿಯಿತು. ಹಾಳೆಗಳನ್ನೆಲ್ಲ ಬಾಚಿಕೊಂಡು, ಓಣಿ ಸುತ್ತಿ, ತಮ್ಮನ ಬಾಗಿಲು ಬಡಿದರು. ಇವತ್ತು ಹೊಡೆದಾಟವೇ ಸೈ ಎಂದು ನಾನೂ ಹಿಂದೆ ಓಡಿದೆ.

ಬಾಗಿಲು ತೆರೆದದ್ದು ತಮ್ಮನೇ. “ತಗೋ, ಎಲ್ಲಾ ನಿನಗ ಬರದದ್ದು!” ಎಂದು ಅಣ್ಣ ಹಾಳೆ ಕೈಗೆ ತುರುಕಿದರು. ತಮ್ಮ ಒಂದೊಂದಾಗಿ ಓದಿದರು. ಮೂರನೆಯದಕ್ಕೆ ತುಟಿ ಅದುರಿತು. ಆಮೇಲೆ ನಗು ತಡೆಯಲಾಗದೆ ಹೊಸ್ತಿಲಲ್ಲೇ ಕುಂತುಬಿಟ್ಟರು. ಅಣ್ಣ ಬಿಗಿಯಾಗಿ ನಿಂತು ನೋಡಿದರು, ನಗು ತಡೆಯಲು ಅವರಿಂದಲೂ ಆಗಲಿಲ್ಲ.

“ಒಳಗ ಬಾ ಅಣ್ಣಾ,” ಅಂದರು ತಮ್ಮ, ಕಣ್ಣೊರೆಸಿಕೊಳ್ಳುತ್ತ.

ಚಹಾ ಬಂತು. ತಮ್ಮ ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದರು:

“ಈ ಕಡೀಗೂ ಒಂದ ಪ್ರಿಂಟರ್ ಇಟ್ಟಬಿಡ್ರಿ. ಇಷ್ಟ ಬೈಗಳ ಹೊತ್ಕೊಂಡ ಓಣಿ ಸುತ್ತಿ ಬರೂದಂದ್ರ ಅಣ್ಣನ ಮೊಣಕಾಲಿಗೆ ಆಗಿಬರಂಗಿಲ್ಲ.”